ಕಾಂಬೋ ಬರುತ್ತದೆ, ಗೆಲುವು ಬರುತ್ತಿಲ್ಲ: ಸ್ಟ್ರೀಟ್ ಫೈಟರ್ 6ರಲ್ಲಿ ಹೊಸಬರು ಮೊದಲು ಏನು ಕಲಿಯಬೇಕು?

ಐರನ್_ರಿಯು:

ಎಲ್ಲರಿಗೂ ನಮಸ್ಕಾರ. ಸ್ಟ್ರೀಟ್ ಫೈಟರ್ 6 ಅನ್ನುವ ಇಬ್ಬರ ಹೊಡೆದಾಟದ ವಿಡಿಯೋ ಗೇಮ್ ಶುರು ಮಾಡಿ ಸ್ವಲ್ಪ ದಿನ ಆಯಿತು. ಪಿಸಿಯಲ್ಲಿ ಸಾಧಾರಣ ಗೇಮ್‌ಪ್ಯಾಡ್ ಹಿಡಿದು ಆಡುತ್ತೇನೆ. ಕ್ಯಾರೆಕ್ಟರ್ ರಿಯು, ಕ್ಲಾಸಿಕ್ ಕಂಟ್ರೋಲ್ (ಸ್ಪೆಷಲ್ ಹೊಡೆತಕ್ಕೆ ದಿಕ್ಕುಗಳನ್ನು ಕ್ರಮವಾಗಿ ಒತ್ತಬೇಕಾದದ್ದು). ಕಾಂಬೋ, ಅಂದರೆ ಒಂದರ ಹಿಂದೆ ಒಂದು ಹೊಡೆತ ಹೆಣೆಯುವುದನ್ನು ಕಲಿಸುವ ಕಾಂಬೋ ಟ್ರಯಲ್‌ನಲ್ಲಿ ಬಿಗಿನರ್ ಮುಗಿಸಿ ಇಂಟರ್‌ಮೀಡಿಯೇಟ್‌ಗೆ ಬಂದಿದ್ದೇನೆ. ಟ್ರೈನಿಂಗ್ ಮೋಡ್‌ನಲ್ಲಿ ನಿಂತಿರುವ ಬೊಂಬೆಗೆ ಎಲ್ಲ ಕಾಂಬೋನೂ ಬೀಳುತ್ತದೆ.

ರ‍್ಯಾಂಕ್ಡ್‌ಗೆ (ಆನ್‌ಲೈನ್‌ನಲ್ಲಿ ಪಾಯಿಂಟ್‌ಗಾಗಿ ಆಡುವ ಪಂದ್ಯ) ಹೋದರೆ ಕಥೆಯೇ ಬೇರೆ. ಎದುರಿನವನು ಸುಮ್ನೆ ಹಾರುತ್ತಾನೆ, ಒದೆಯುತ್ತಾನೆ, ಮತ್ತೆ ಹಾರುತ್ತಾನೆ. ಅವನಿಗೆ ಒಂದು ಕಾಂಬೋ ಕೂಡ ಬರುವ ಹಾಗೆ ಕಾಣುವುದಿಲ್ಲ. ಆದರೂ ಅವನೇ ಗೆಲ್ಲುತ್ತಾನೆ! ಇನ್ನೂ ದೊಡ್ಡ ಕಾಂಬೋ ಕಲಿಯಬೇಕಾ? ಅಥವಾ ಬೇರೆ ಕ್ಯಾರೆಕ್ಟರ್ ತೆಗೆದುಕೊಳ್ಳಲಾ?

ಹಳೇ_ಟೋಕನ್:

ಕ್ಯಾರೆಕ್ಟರ್ ಬದಲಾಯಿಸಬೇಡಿ. ರಿಯು ಚೆನ್ನಾಗಿಯೇ ಇದ್ದಾನೆ.

ಅವನು ಮತ್ತೆ ಮತ್ತೆ ಹಾರುತ್ತಾನೆ ಅಂತ ನೀವೇ ಬರೆದಿದ್ದೀರಿ. ಹಾರಿದ್ದಕ್ಕೆ ಏಟು ಬಿದ್ದಿದ್ದರೆ ಅವನು ಯಾಕೆ ಮತ್ತೆ ಹಾರುತ್ತಿದ್ದ? ನೀವು ಬಿಟ್ಟುಕೊಟ್ಟಿದ್ದಕ್ಕೆ ಹಾರುತ್ತಿದ್ದಾನೆ, ಅಷ್ಟೇ.

ನನ್ನ ಪ್ರಕಾರ ಮೊದಲು ಕಲಿಯಬೇಕಾದ್ದು ಆಂಟಿ-ಏರ್, ಅಂದರೆ ಹಾರಿ ಬರುವವನನ್ನು ಗಾಳಿಯಲ್ಲೇ ಹೊಡೆಯುವುದು. ಅದು ಬರುವ ತನಕ ಕಾಂಬೋ ಟ್ರಯಲ್ ಮುಚ್ಚಿಡಿ. ರಿಯುಗೆ ಕುಳಿತು ಹೆವಿ ಪಂಚ್ ಸಾಕು. ಕೆಳಗೆ ಒತ್ತಿ ಒಂದು ಬಟನ್. ಮೇಲಕ್ಕೆ ಜಿಗಿಯುತ್ತಾ ಹೊಡೆಯುವ ಶೋರ್ಯುಕೆನ್ ಇನ್ನೂ ಒಳ್ಳೆಯದು, ಆದರೆ ಅವಸರದಲ್ಲಿ ಅದರ ಮೋಷನ್ (ದಿಕ್ಕು ಒತ್ತುವ ಕ್ರಮ) ತಪ್ಪಿ ಶಕ್ತಿಯ ಉಂಡೆ ಎಸೆಯುವ ಹಡೂಕೆನ್ ಬಂತು ಅಂದರೆ ನಿಮ್ಮ ಕಥೆ ಮುಗಿಯಿತು. ಮೊದಲು ಸುಲಭದ್ದನ್ನು ಹಿಡಿಯಿರಿ.

ಸ್ಟ್ರೀಟ್ ಫೈಟರ್ 6ರಲ್ಲಿ ಹಾರಿದವನು ಗಾಳಿಯಲ್ಲಿ ಬ್ಲಾಕ್ ಮಾಡುವ ಹಾಗಿಲ್ಲ. ಸಾಮಾನ್ಯ ಜಂಪ್ ಆದರೆ ನಡುವೆ ದಿಕ್ಕು ಬದಲಿಸುವುದಕ್ಕೂ ಆಗುವುದಿಲ್ಲ. ಅರ್ಧ ಸೆಕೆಂಡಿಗಿಂತ ಜಾಸ್ತಿ ಹೊತ್ತು ಅವನು ಎಲ್ಲಿ ಇಳಿಯುತ್ತಾನೆ ಅನ್ನುವುದು ನಿಮಗೆ ಗೊತ್ತಿರುತ್ತದೆ. ಈ ಆಟದಲ್ಲಿ ಎದುರಾಳಿ ಇಷ್ಟು ಉದಾರವಾಗಿ ನಿಮಗೆ ಸಮಯ ಕೊಡುವ ಜಾಗ ಬೇರೆ ಇಲ್ಲ.

ಐರನ್_ರಿಯು:

ಸರ್, ಗೊತ್ತಿದ್ದರೂ ಕೈ ಹೋಗುವುದಿಲ್ಲ. ಅವನು ಹಾರಿದ ಅಂತ ಕಾಣುವಷ್ಟರಲ್ಲಿ ಒದೆ ಬಿದ್ದಿರುತ್ತದೆ. ನನ್ನ ರಿಯಾಕ್ಷನ್ನೇ ನಿಧಾನ ಅನ್ನಿಸುತ್ತದೆ.

ಫ್ರೇಮ್_ಲೆಕ್ಕ:

ರಿಯಾಕ್ಷನ್ ಸಮಸ್ಯೆ ಅಲ್ಲ. ಲೆಕ್ಕ ಹಾಕಿ ನೋಡೋಣ. ಆಟ ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಓಡುತ್ತದೆ. ಅಂದರೆ ಒಂದು ಫ್ರೇಮ್ ಸುಮಾರು 16.7 ಮಿಲಿಸೆಕೆಂಡ್. ಕಣ್ಣಿಗೆ ಕಂಡದ್ದಕ್ಕೆ ಕೈ ಓಡುವುದಕ್ಕೆ ಸಾಮಾನ್ಯ ಮನುಷ್ಯನಿಗೆ 200ರಿಂದ 250 ಮಿಲಿಸೆಕೆಂಡ್ ಬೇಕು. ಅದು 12ರಿಂದ 15 ಫ್ರೇಮ್. ಜಂಪ್ 40 ಫ್ರೇಮಿನ ಆಸುಪಾಸು. ಸಮಯ ಬೇಕಾದಷ್ಟಿದೆ.

ಹಾಗಾದರೆ ಯಾಕೆ ಆಗುವುದಿಲ್ಲ? ನಿಮ್ಮ ತಲೆ ಬೇರೆ ಕೆಲಸದಲ್ಲಿ ಇರುತ್ತದೆ. ‘ಈಗ ಹತ್ತಿರ ಹೋಗಿ ಆ ಕಾಂಬೋ ಶುರು ಮಾಡಬೇಕು’ ಅಂತ ಯೋಚಿಸುತ್ತಿರುತ್ತೀರಿ. ಬೆರಳು ಆಗಲೇ ಯಾವುದೋ ಬಟನ್ ಒತ್ತಿರುತ್ತದೆ. ರಿಯು ಕೈ ಚಾಚಿ ನಿಂತಿರುವಾಗ ಆಂಟಿ-ಏರ್ ಎಲ್ಲಿಂದ ಬರಬೇಕು? ಕಣ್ಣು ಕೂಡ ನಿಮ್ಮ ರಿಯು ಮೇಲೆಯೇ ಇರುತ್ತದೆ. ರಿಯು ಏನು ಮಾಡುತ್ತಾನೆ ಅಂತ ನಿಮಗೆ ಗೊತ್ತೇ ಇದೆಯಲ್ಲ, ಎದುರಿನವನನ್ನು ನೋಡಿ.

ಟ್ರೈನಿಂಗ್ ಮೋಡ್‌ನಲ್ಲಿ ಬೊಂಬೆಗೆ ಮೂರು ಕೆಲಸ ರೆಕಾರ್ಡ್ ಮಾಡಿ. ಒಂದರಲ್ಲಿ ಮುಂದಕ್ಕೆ ಹಾರಿ ಒದೆಯುವುದು. ಇನ್ನೊಂದರಲ್ಲಿ ಹಡೂಕೆನ್. ಮೂರನೆಯದರಲ್ಲಿ ಸುಮ್ಮನೆ ಹಿಂದೆ ಮುಂದೆ ನಡೆಯುವುದು. ಮೂರನ್ನೂ ಮನಸ್ಸಿಗೆ ಬಂದ ಹಾಗೆ ಪ್ಲೇ ಆಗುವಂತೆ ಬಿಡಿ. ಹಾರಿದರೆ ಹೊಡೆಯಿರಿ, ಹಡೂಕೆನ್ ಬಂದರೆ ಬ್ಲಾಕ್ ಮಾಡಿ, ನಡೆದರೆ ಏನೂ ಮಾಡಬೇಡಿ. ಕಷ್ಟ ಇರುವುದು ಆ ಮೂರನೆಯದರಲ್ಲಿ. ಬರೀ ಜಂಪ್ ರೆಕಾರ್ಡ್ ಮಾಡಿಕೊಂಡು ಅಭ್ಯಾಸ ಮಾಡಿದರೆ ಏನೂ ಸಿಗುವುದಿಲ್ಲ, ಯಾಕೆಂದರೆ ಏನು ಬರುತ್ತದೆ ಅಂತ ಮೊದಲೇ ಗೊತ್ತಿರುತ್ತದೆ.

ಮೂಲೆಮನೆ_ಜೂರಿ:

ಒಂದು ಎಚ್ಚರಿಕೆ ಸೇರಿಸುತ್ತೇನೆ. ನೇರ ತಲೆ ಮೇಲೆ, ಅಥವಾ ತಲೆ ದಾಟಿ ಹಿಂದೆ ಇಳಿಯುವ ಹಾಗೆ ಹಾರಿದರೆ ಕುಳಿತು ಹೆವಿ ಪಂಚ್ ಎಷ್ಟೋ ಸಲ ತಪ್ಪುತ್ತದೆ. ಅಲ್ಲಿ ಹೀರೋ ಆಗಬೇಡಿ, ಬ್ಲಾಕ್ ಮಾಡಿ. ಯಾವ ಕಡೆ ಬ್ಲಾಕ್ ಮಾಡಬೇಕು ಅಂತ ಗೊಂದಲ ಆದರೆ ಡ್ರೈವ್ ಪ್ಯಾರಿ ಹಿಡಿಯಿರಿ. ಎರಡೂ ಮೀಡಿಯಂ ಬಟನ್ ಒಟ್ಟಿಗೆ. ಎಡ ಬಲ, ಮೇಲೆ ಕೆಳಗೆ ಎಲ್ಲ ಅದೇ ನೋಡಿಕೊಳ್ಳುತ್ತದೆ. ಥ್ರೋ (ಹಿಡಿದು ಎಸೆಯುವುದು) ಒಂದನ್ನು ಬಿಟ್ಟು.

ಇನ್ನು ಹಳೇ_ಟೋಕನ್ ಅವರ ‘ಕಾಂಬೋ ಟ್ರಯಲ್ ಮುಚ್ಚಿಡಿ’ ಅನ್ನುವ ಮಾತು ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಏಟು ಬಿದ್ದಾಗ ಅದರಿಂದ ಏನೂ ಸಿಗದಿದ್ದರೆ ಹೊಸಬರಿಗೆ ಬೇಜಾರಾಗಿ ಆಟವನ್ನೇ ಬಿಡುತ್ತಾರೆ. ಕಾಂಬೋ ಬೇಕು, ಆದರೆ ಎರಡೇ ಸಾಕು. ಹತ್ತಿರ ಇದ್ದಾಗ ಕುಳಿತು ಲೈಟ್ ಪಂಚ್ ಎರಡು ಸಲ, ಆಮೇಲೆ ಲೈಟ್ ಶೋರ್ಯುಕೆನ್. ಎದುರಿನವನು ದೊಡ್ಡ ತಪ್ಪು ಮಾಡಿ ಸಿಕ್ಕಿಬಿದ್ದಾಗ ಕುಳಿತು ಮೀಡಿಯಂ ಪಂಚ್, ಅದರಿಂದ ಹೆವಿ ಶೋರ್ಯುಕೆನ್. ಇಷ್ಟೇ.

ಮೊದಲನೆಯದರಲ್ಲಿ ಒಂದು ಗುಟ್ಟಿದೆ. ಎರಡು ಲೈಟ್ ಪಂಚ್ ತಾಗಿತೋ ಬ್ಲಾಕ್ ಆಯಿತೋ ನೋಡಿ ಆಮೇಲೆ ಶೋರ್ಯುಕೆನ್ ಬಿಡಬೇಕು. ಬ್ಲಾಕ್ ಆಗಿದ್ದರೆ ಅಲ್ಲೇ ನಿಲ್ಲಿಸಿ. ಹಿಟ್ ಕನ್ಫರ್ಮ್ ಅನ್ನುವುದು ಇದಕ್ಕೇ. ಬೊಂಬೆಯ ಬ್ಲಾಕ್ ಅನ್ನು ‘ರ‍್ಯಾಂಡಮ್’ಗೆ ಇಟ್ಟು ಇದನ್ನೇ ಮಾಡಿ. ಇಂಟರ್‌ಮೀಡಿಯೇಟ್ ಟ್ರಯಲ್ ಮುಗಿಸಿದವರಿಗೂ ಇದು ಬರುವುದಿಲ್ಲ, ಯಾಕೆಂದರೆ ಟ್ರಯಲ್‌ನಲ್ಲಿ ಬೊಂಬೆ ಬ್ಲಾಕ್ ಮಾಡುವುದೇ ಇಲ್ಲ.

ಹಳೇ_ಟೋಕನ್:

ಎರಡು ಕಾಂಬೋಗೆ ನನ್ನ ವಿರೋಧ ಇಲ್ಲ ಮೇಡಂ. ನಾನು ನೋಡುವ ಹುಡುಗರು ಇಪ್ಪತ್ತು ಕಲಿತು ಬಂದಿರುತ್ತಾರೆ, ಅದಕ್ಕೆ ಹಾಗೆ ಬರೆದೆ.

ಗೀಫ್_ಗೆಳೆಯ:

ಥ್ರೋ ಬಗ್ಗೆ ಯಾರೂ ಮಾತಾಡುತ್ತಿಲ್ಲವಲ್ಲ. ಹೊಸಬರು ಥ್ರೋ ತಿಂದು ಕೋಪ ಮಾಡಿಕೊಳ್ಳುತ್ತಾರೆ, ಆದರೆ ತಾವು ಮಾತ್ರ ಥ್ರೋ ಮಾಡುವುದಿಲ್ಲ. ಅದೇನೋ ಮೋಸ ಅನ್ನುವ ಭಾವನೆ. ಮೋಸ ಅಲ್ಲ ಗುರೂ!

ಎದುರಿನವನು ಕೆಳಗೆ ಕುಳಿತು ಬ್ಲಾಕ್ ಹಿಡಿದು ಕೂತರೆ ಏನು ಮಾಡುತ್ತೀರಿ? ಬೇಕಾದಷ್ಟು ಒದೆಯಿರಿ, ಏನೂ ಆಗುವುದಿಲ್ಲ. ಹತ್ತಿರ ಹೋಗಿ ಲೈಟ್ ಪಂಚ್, ಲೈಟ್ ಕಿಕ್ ಒಟ್ಟಿಗೆ ಒತ್ತಿ. ಥ್ರೋ ಅನ್ನು ಬ್ಲಾಕ್ ಮಾಡಲು ಆಗುವುದಿಲ್ಲ. ಪ್ಯಾರಿ ಹಿಡಿದು ಕೂತವನನ್ನು ಥ್ರೋ ಮಾಡಿದರೆ ಪನಿಶ್ ಕೌಂಟರ್ (ತಪ್ಪಿಗೆ ಹೆಚ್ಚುವರಿ ಶಿಕ್ಷೆ) ಆಗಿ ಡ್ಯಾಮೇಜ್ ಇನ್ನೂ ಜಾಸ್ತಿ.

ನಿಮ್ಮ ಮೇಲೆ ಥ್ರೋ ಬಂದರೆ ಅದೇ ಎರಡು ಬಟನ್ ಸರಿಯಾದ ಹೊತ್ತಿಗೆ ಒತ್ತಿದರೆ ಬಿಡಿಸಿಕೊಳ್ಳಬಹುದು, ಇದೇ ಟೆಕ್. ಹಾರಿದರೂ ತಪ್ಪಿಸಿಕೊಳ್ಳಬಹುದು. ಒತ್ತಿದ ಮೇಲೆ ಹೊಡೆತ ಹೊರಬೀಳಲು ಬೇಕಾದ ಹೊತ್ತೇ ಸ್ಟಾರ್ಟ್‌ಅಪ್. ಥ್ರೋಗೆ ಸ್ಟಾರ್ಟ್‌ಅಪ್ 5 ಫ್ರೇಮ್. ರಿಯುವಿನ ನಿಂತ ಲೈಟ್ ಪಂಚ್ 4 ಫ್ರೇಮ್. ಇಬ್ಬರೂ ಒಟ್ಟಿಗೆ ಒತ್ತಿದರೆ ಪಂಚೇ ಗೆಲ್ಲುತ್ತದೆ.

ಮೂಲೆಗೆ ಸಿಕ್ಕಿಕೊಂಡಾಗ ಮಾತ್ರ ಕಷ್ಟ ನಿಜವಾದದ್ದು. ಅಲ್ಲಿ ಒಂದು ಥ್ರೋ ತಿಂದ ಮೇಲೆ ಎದ್ದೇಳುವಷ್ಟರಲ್ಲಿ ಅವನು ಮತ್ತೆ ಎದುರಿಗೇ ಇರುತ್ತಾನೆ. ಆಟದ ಈ ಭಾಗ ನನಗೂ ಇಷ್ಟ ಇಲ್ಲ, ನಾನು ಹಿಡಿದು ಎಸೆಯುವುದಕ್ಕೇ ಹೆಸರಾದ ಝಾಂಗೀಫ್ ಆಡುವವನಾದರೂ.

ಐರನ್_ರಿಯು:

ನನ್ನ ಹೊಡೆತ ಬ್ಲಾಕ್ ಆದ ಮೇಲೆ ಅವನು ಹೊಡೆಯುತ್ತಾನೆ, ಅವನದು ಬ್ಲಾಕ್ ಆದ ಮೇಲೂ ಅವನೇ ಹೊಡೆಯುತ್ತಾನೆ. ‘ಟರ್ನ್’ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಟರ್ನ್ ಯಾವಾಗ ಬರುತ್ತದೆ ಅಂತ ಹೇಗೆ ಗೊತ್ತಾಗುತ್ತದೆ?

ಫ್ರೇಮ್_ಲೆಕ್ಕ:

ಪ್ಲಸ್ ಮೈನಸ್ ಅಂತ ಕೇಳಿರುತ್ತೀರಿ. ಒಂದು ಹೊಡೆತ ಬ್ಲಾಕ್ ಆದ ಮೇಲೆ ಯಾರು ಮೊದಲು ಅಲುಗಾಡಬಹುದು ಅನ್ನುವ ಲೆಕ್ಕ ಅದು. ಹೊಡೆದವನು ಮೈನಸ್ 4 ಆದರೆ ನೀವು 4 ಫ್ರೇಮ್ ಮೊದಲು ಚಲಿಸಬಹುದು. ನಿಮ್ಮ 4 ಫ್ರೇಮ್ ಲೈಟ್ ಪಂಚ್ ಆಗ ಅವನಿಗೆ ತಾಗಿಯೇ ತಾಗುತ್ತದೆ, ಕೈಗೆ ಎಟುಕುವಷ್ಟು ಹತ್ತಿರ ಇದ್ದರೆ. ಮೈನಸ್ 2 ಅಥವಾ 3 ಇದ್ದರೆ ಪನಿಶ್ (ಖಚಿತವಾಗಿ ತಾಗುವ ತಿರುಗೇಟು) ಇಲ್ಲ, ಆದರೆ ಟರ್ನ್ ನಿಮ್ಮದು.

ಎಲ್ಲರ ಎಲ್ಲ ಹೊಡೆತದ ಅಂಕಿ ಬಾಯಿಪಾಠ ಮಾಡಲು ಹೋಗಬೇಡಿ, ಹುಚ್ಚು ಹಿಡಿಯುತ್ತದೆ. ಈಗ ಎರಡು ಸಾಕು. ಶೋರ್ಯುಕೆನ್ ತರಹದ್ದು ಬ್ಲಾಕ್ ಆದರೆ 20 ಫ್ರೇಮಿಗಿಂತ ಜಾಸ್ತಿ ಮೈನಸ್. ಅವನು ಮೇಲಿಂದ ಇಳಿಯುವ ತನಕ ಕಾದು ದೊಡ್ಡ ಹೊಡೆತವನ್ನೇ ಕೊಡಿ. ಅವಸರ ಪಟ್ಟು ಲೈಟ್ ಪಂಚ್ ಒತ್ತಿ ಮುಗಿಸಬೇಡಿ. ಕಾಲು ಗುಡಿಸುವ ಸ್ವೀಪ್ ಬ್ಲಾಕ್ ಆದರೆ ಅದೂ ಬಹುತೇಕ ಎಲ್ಲರಿಗೂ 10ರ ಆಸುಪಾಸು ಅಥವಾ ಇನ್ನೂ ಜಾಸ್ತಿ ಮೈನಸ್. ಕೆಳ ರ‍್ಯಾಂಕ್‌ನಲ್ಲಿ ಜನ ಈ ಎರಡನ್ನೂ ಧಾರಾಳವಾಗಿ ಹಂಚುತ್ತಾರೆ.

ಇನ್ನೊಂದು ವಿಷಯ. ಹೀಗೆ ಪನಿಶ್ ಆಗಿ ಬಿದ್ದ ಹೊಡೆತ ಮಾಮೂಲಿಗಿಂತ 20 ಶೇಕಡಾ ಜಾಸ್ತಿ ಡ್ಯಾಮೇಜ್ ಕೊಡುತ್ತದೆ, ಮೇಲೆ 4 ಫ್ರೇಮ್ ಲಾಭ ಬೇರೆ. ಟ್ರೈನಿಂಗ್ ಮೋಡ್‌ನಲ್ಲಿ ಫ್ರೇಮ್ ಮೀಟರ್ ಆನ್ ಮಾಡಿದರೆ ಇದೆಲ್ಲ ಬಣ್ಣದ ಪಟ್ಟಿಯಲ್ಲಿ ಕಾಣುತ್ತದೆ. ಹಳೆಯ ಎಷ್ಟೋ ಆಟಗಳಲ್ಲಿ ಇದನ್ನು ಜನ ಕೈಯಲ್ಲಿ ಎಣಿಸಿ ಪಟ್ಟಿ ಮಾಡಬೇಕಿತ್ತು.

ಟೆಕ್ಕನ್_ತಮ್ಮ:

ಸುಮ್ನೆ ಟೆಕ್ಕನ್ 8 ಅನ್ನುವ ಆಟಕ್ಕೆ ಬನ್ನಿ. ಹಾರುವವರ ಕಾಟವೇ ಇಲ್ಲ.

ಹಳೇ_ಟೋಕನ್:

ಅಲ್ಲಿ 32 ಕ್ಯಾರೆಕ್ಟರ್ ಜೊತೆ ಶುರುವಾಯಿತು, ಒಬ್ಬೊಬ್ಬರಿಗೂ ನೂರರ ಲೆಕ್ಕದಲ್ಲಿ ಹೊಡೆತ. ಪಾಪ, ಹುಡುಗನಿಗೆ ಜಂಪ್ ಕಾಟವೇ ಸಾಕಾಗಿದೆ ತಮ್ಮಾ.

ಮಧ್ಯವಯಸ್ಕ_ಕೆನ್:

ನಡುವೆ ಬಾಯಿ ಹಾಕುತ್ತಿದ್ದೇನೆ. ನನಗೆ ನಲವತ್ತು ದಾಟಿದೆ. ಚಿಕ್ಕವನಿದ್ದಾಗ ವಿಡಿಯೋ ಗೇಮ್ ಪಾರ್ಲರ್‌ನಲ್ಲಿ ಟೋಕನ್ ಹಾಕಿ ‘ಮುಸ್ತಫಾ’ ಆಡಿದವನು, ಪಕ್ಕದ ಮಿಷನ್‌ನಲ್ಲಿ ಕಿಂಗ್ ಆಫ್ ಫೈಟರ್ಸ್ 97. ಈಗ ಮತ್ತೆ ಶುರು ಮಾಡಿದ್ದೇನೆ. ಈ ವಯಸ್ಸಿಗೆ ಇದೆಲ್ಲ ಆಗುವುದಾ?

ಹಳೇ_ಟೋಕನ್:

ಆಗದೆ ಏನು! ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಸ್ಟ್ರೀಟ್ ಫೈಟರ್ 5ಕ್ಕೆ ಪದಕ ಇತ್ತು. 2023ರಲ್ಲಿ ನಡೆದದ್ದು. ಚಿನ್ನ ಗೆದ್ದದ್ದು ದಕ್ಷಿಣ ಕೊರಿಯಾದ ಕಿಮ್ ಗ್ವಾನ್‌-ವೂ. ವಯಸ್ಸು 44. ಎದುರಿಗೆ ಅವರಿಗಿಂತ ಎಷ್ಟೋ ಚಿಕ್ಕವರು ಇದ್ದರು.

ಈ ರಿಯಾಕ್ಷನ್ ಅನ್ನುವುದನ್ನು ಜನ ತುಂಬಾ ದೊಡ್ಡದು ಮಾಡಿದ್ದಾರೆ. ಇವೋ ಅನ್ನುವ ಫೈಟಿಂಗ್ ಗೇಮ್ ಟೂರ್ನಿಯ 2004ರ ಆ ಹೆಸರುವಾಸಿ ವಿಡಿಯೋ ನೋಡಿರುತ್ತೀರಿ. ಥರ್ಡ್ ಸ್ಟ್ರೈಕ್ ಆಟ, ಡೈಗೋ ಉಮೆಹಾರಾ ಕೈಯಲ್ಲಿ ಕೆನ್, ಜಸ್ಟಿನ್ ವಾಂಗ್ ಕೈಯಲ್ಲಿ ಚುನ್‌-ಲೀ. ಡೈಗೋ ಬಳಿ ಲೈಫ್ ಎಳೆಯಷ್ಟೇ ಉಳಿದಿತ್ತು. ಬ್ಲಾಕ್ ಮಾಡಿದರೂ ಚಿಪ್ ಡ್ಯಾಮೇಜ್‌ನಲ್ಲೇ ಸೋಲುತ್ತಿದ್ದರು. ಚುನ್‌-ಲೀ ಸೂಪರ್ (ದೊಡ್ಡ ಸರಣಿ ಹೊಡೆತ) ಬಿಟ್ಟಳು, ಡೈಗೋ ಒಂದೊಂದೇ ಒದೆಯನ್ನೂ ಪ್ಯಾರಿ ಮಾಡಿ ತಿರುಗಿ ಹೊಡೆದು ಆ ಪಂದ್ಯ ಗೆದ್ದರು. ನೋಡಿದವರೆಲ್ಲ ‘ಅಬ್ಬಾ, ಎಂಥಾ ರಿಯಾಕ್ಷನ್’ ಅಂದರು. ಆದರೆ ಆ ಹೊತ್ತಿನಲ್ಲಿ ಆ ಸೂಪರ್ ಬರಬಹುದು ಅಂತ ಅವರು ಕಾಯುತ್ತಿದ್ದರು. ಜಸ್ಟಿನ್‌ಗೆ ಮುಗಿಸಲು ಅದಕ್ಕಿಂತ ಸುಲಭದ ದಾರಿ ಯಾವುದಿತ್ತು ಹೇಳಿ? ಏನು ಬರಬಹುದು ಅಂತ ಎರಡು ಮೂರಕ್ಕೆ ಇಳಿಸಿಕೊಂಡರೆ ಕೈಗೆ ಕೆಲಸ ಕಡಿಮೆ.

ಕಾಲಾಟ ಕೂಡ ಹಾಗೆಯೇ. ಫುಟ್‌ಸೀಸ್ ಅಂತಾರಲ್ಲ, ಅದು. ಕಬಡ್ಡಿಯಲ್ಲಿ ರೈಡರ್ ಬೋನಸ್ ಗೆರೆ ಹತ್ತಿರ ಕಾಲು ಹಾಕಿ ಹಾಕಿ ತೆಗೆಯುವುದನ್ನು ನೋಡಿದ್ದೀರಲ್ವಾ? ಡಿಫೆಂಡರ್ ಕಾಲು ಹಿಡಿಯಲು ಬೀಳುತ್ತಾನೆ, ರೈಡರ್ ಆಗಲೇ ಹಿಂದೆ ಸರಿದಿರುತ್ತಾನೆ, ಬಿದ್ದವನನ್ನು ಮುಟ್ಟಿ ಬರುತ್ತಾನೆ. ಇಲ್ಲೂ ಅದೇ ಆಟ. ಎದುರಿನವನ ಒದೆ ಎಲ್ಲಿಯವರೆಗೆ ಬರುತ್ತದೋ ಅದರ ಅಂಚಿನಲ್ಲಿ ನಿಲ್ಲಿ. ಒಂದು ಹೆಜ್ಜೆ ಒಳಗೆ, ಒಂದು ಹೆಜ್ಜೆ ಹೊರಗೆ. ಅವನು ಗಾಳಿಗೆ ಒದೆದಾಗ ಚಾಚಿದ ಕಾಲಿಗೆ ನಿಮ್ಮ ಕುಳಿತ ಮೀಡಿಯಂ ಕಿಕ್ ಕೊಡಿ. ಹೊಸಬರು ನಡೆಯುವುದೇ ಇಲ್ಲ. ಹಾರುತ್ತಾರೆ ಅಥವಾ ಡ್ಯಾಶ್ ಮಾಡುತ್ತಾರೆ. ನಡೆಯುವುದನ್ನು ಕಲಿಯಿರಿ.

ಒನ್_ಬಟನ್:

ಕ್ಲಾಸಿಕ್ ಬಿಟ್ಟು ಮಾಡರ್ನ್ ಕಂಟ್ರೋಲ್‌ಗೆ ಬಂದರೆ ಇದರಲ್ಲಿ ಅರ್ಧ ಸಮಸ್ಯೆ ಮಾಯ. ಮುಂದಕ್ಕೆ ಒತ್ತಿ ಸ್ಪೆಷಲ್ ಬಟನ್, ಶೋರ್ಯುಕೆನ್ ಬಂತು. ಹಾರುವವರ ಗತಿ ಮುಗಿಯಿತು.

ಗೀಫ್_ಗೆಳೆಯ:

ಮಾಡರ್ನ್ ಅಂದರೆ ಆಟ ತಾನೇ ಆಡಿಕೊಳ್ಳುತ್ತದೆ. ಅದರಲ್ಲಿ ಕಲಿಯುವುದು ಏನು?

ಮೂಲೆಮನೆ_ಜೂರಿ:

ಶುರು ಆಯಿತಾ ಮತ್ತೆ ಇದು? ಒಂದೇ ಬಟನ್ನಿನ ಸ್ಪೆಷಲ್‌ಗೆ ಡ್ಯಾಮೇಜ್ 20 ಶೇಕಡಾ ಕಡಿಮೆ. ಕೆಲವು ನಾರ್ಮಲ್ ಹೊಡೆತ ಸಿಗುವುದಿಲ್ಲ. ಮೋಷನ್ ಹಾಕಿ ಮಾಡಿದರೆ ಮಾಡರ್ನ್‌ನಲ್ಲೂ ಪೂರ್ತಿ ಡ್ಯಾಮೇಜ್ ಬರುತ್ತದೆ. ಲಾಭ ನಷ್ಟ ಎರಡೂ ಕಣ್ಣೆದುರಿಗೇ ಇದೆ, ಇದರಲ್ಲಿ ಮೋಸದ ಮಾತು ಎಲ್ಲಿಂದ ಬಂತು? ಯಾವಾಗ ಹೊಡೆಯಬೇಕು ಅನ್ನುವುದನ್ನು ಯಾವ ಬಟನ್ ಕೂಡ ಹೇಳಿಕೊಡುವುದಿಲ್ಲ. ಕೈ ನೋವು ಇರುವವರಿಗೆ, ಕೀಬೋರ್ಡ್ ಅಷ್ಟೇ ಇರುವವರಿಗೆ, ಮೊದಲ ಸಲ ಈ ತರಹದ ಆಟ ಮುಟ್ಟುವವರಿಗೆ ಮಾಡರ್ನ್ ಒಳ್ಳೆಯದೇ. ಐರನ್_ರಿಯು, ನಿಮಗೆ ಕ್ಲಾಸಿಕ್ ಕೈಗೆ ಹತ್ತಿದ್ದರೆ ಅದರಲ್ಲೇ ಇರಿ.

ಯಾರಾದರೂ ಆಟ ಕೊಳ್ಳುವ ಮೊದಲು ನೋಡಬೇಕು ಅಂದರೆ ಉಚಿತ ಡೆಮೋ ಇದೆ. ರಿಯು, ಲ್ಯೂಕ್ ಇಬ್ಬರೇ ಇರುವುದು. ಎರಡೂ ಕಂಟ್ರೋಲ್ ಹೇಗಿದೆ ಅಂತ ತಿಳಿಯಲು ಅಷ್ಟು ಸಾಕು.

ಐರನ್_ರಿಯು:

ವಾರ ಪೂರ್ತಿ ಬರೀ ಆಂಟಿ-ಏರ್ ಮೇಲೆ ಕೂತೆ. ಹಾರುವವರ ಕಾಟ ಕಡಿಮೆ ಆಗಿದೆ. ಎರಡು ಸಲ ಹೊಡೆತ ತಿಂದ ಮೇಲೆ ಅವರು ನಿಜವಾಗಲೂ ಹಾರುವುದನ್ನು ನಿಲ್ಲಿಸುತ್ತಾರೆ! ಆದರೆ ಈಗ ಇನ್ನೊಂದು ಪೀಡೆ. ನಾನು ಮೂಲೆಯಲ್ಲಿ ನಿಂತು ಹಡೂಕೆನ್ ಬಿಡುತ್ತಿರುತ್ತೇನೆ. ಅವನು ಬಣ್ಣ ಚೆಲ್ಲಿದ ಹಾಗೆ ಬರುವ ಆ ಡ್ರೈವ್ ಇಂಪ್ಯಾಕ್ಟ್ ಹಾಕಿ ಹಡೂಕೆನ್ ನುಂಗಿಕೊಂಡೇ ಬಂದು ಹೊಡೆಯುತ್ತಾನೆ. ಬ್ಲಾಕ್ ಮಾಡಿದರೂ ಗೋಡೆಗೆ ಬಡಿದು ಬೀಳುತ್ತೇನೆ.

ಫ್ರೇಮ್_ಲೆಕ್ಕ:

ಡ್ರೈವ್ ಇಂಪ್ಯಾಕ್ಟ್‌ಗೆ ಸ್ಟಾರ್ಟ್‌ಅಪ್ 26 ಫ್ರೇಮ್. 430 ಮಿಲಿಸೆಕೆಂಡಿನ ಆಸುಪಾಸು. ಎರಡು ಹೊಡೆತ ತಡೆದುಕೊಳ್ಳುತ್ತದೆ, ಮೂರನೆಯದಕ್ಕೆ ಒಡೆಯುತ್ತದೆ. ನೀವು ಆಗ ಯಾವ ಬಟನ್ನನ್ನೂ ಒತ್ತಿರದಿದ್ದರೆ ನೋಡಿಯೇ ಉತ್ತರ ಕೊಡಬಹುದು. ಎರಡೂ ಹೆವಿ ಬಟನ್ ಒತ್ತಿ ನಿಮ್ಮದೇ ಡ್ರೈವ್ ಇಂಪ್ಯಾಕ್ಟ್ ಹಾಕಿ. ಎರಡು ಡಿಕ್ಕಿ ಹೊಡೆದರೆ ತಡವಾಗಿ ಹಾಕಿದವನೇ ಗೆಲ್ಲುತ್ತಾನೆ. ಹತ್ತಿರ ಇದ್ದರೆ ಥ್ರೋ ಕೂಡ ಅದನ್ನು ಸೋಲಿಸುತ್ತದೆ.

ನಿಮ್ಮ ತೊಂದರೆ ಹಡೂಕೆನ್ ಬಿಟ್ಟು ಕೈ ಚಾಚಿ ನಿಂತಿರುವಾಗ ಬರುತ್ತಿದೆ. ಅಂದರೆ ಅವನಿಗೆ ನಿಮ್ಮ ಲಯ ಗೊತ್ತಾಗಿದೆ. ಹತ್ತಿರದಿಂದ, ಒಂದೇ ಅಂತರ ಬಿಟ್ಟು ಬಿಟ್ಟು ಹಡೂಕೆನ್ ಹಾಕಬೇಡಿ. ಒಂದು ಹಾಕಿ, ಕಾಯಿರಿ, ನಡೆಯಿರಿ. ಮೂಲೆಗೆ ಬೆನ್ನು ಕೊಟ್ಟಾಗ ಅಂತೂ ಹಡೂಕೆನ್ ಆದಷ್ಟು ಕಡಿಮೆ.

ಮೂಲೆಮನೆ_ಜೂರಿ:

ಆಗ ಡ್ರೈವ್ ಗೇಜ್ ಎಷ್ಟಿರುತ್ತದೆ ಅಂತ ನೋಡಿದ್ದೀರಾ? ಲೈಫ್ ಪಟ್ಟಿ ಕೆಳಗಿನ ಹಸಿರು ಆರು ಕಟ್ಟು. ಡ್ರೈವ್ ಇಂಪ್ಯಾಕ್ಟ್‌ಗೆ ಒಂದು ಕಟ್ಟು ಹೋಗುತ್ತದೆ. ಓವರ್‌ಡ್ರೈವ್ ಸ್ಪೆಷಲ್‌ಗೆ (ಸ್ಪೆಷಲ್ ಹೊಡೆತದ ಬಲವಾದ ರೂಪ) ಎರಡು. ಹೊಡೆತದ ಮಧ್ಯೆ ಡ್ರೈವ್ ರಷ್ (ಮುನ್ನುಗ್ಗುವ ಓಟ) ಹಾಕಿದರೆ ಮೂರು, ಅರ್ಧ ಗೇಜ್ ಖಾಲಿ! ಬ್ಲಾಕ್ ಮಾಡಿದರೂ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಪೂರ್ತಿ ಖಾಲಿಯಾದರೆ ಬರ್ನ್‌ಔಟ್. ಆಗ ಬ್ಲಾಕ್ ಮಾಡಿದರೂ ಸ್ಪೆಷಲ್‌ನಿಂದ ಲೈಫ್ ಹೋಗುತ್ತದೆ. ಬ್ಲಾಕ್‌ನಿಂದ ಹೊರಗೆ ಬರುವುದಕ್ಕೆ 4 ಫ್ರೇಮ್ ಜಾಸ್ತಿ ಬೇಕು, ಅಂದರೆ ಅವನ ಹೊಡೆತಗಳೆಲ್ಲ ಅವನಿಗೆ ಅಷ್ಟು ಸುರಕ್ಷಿತ ಆದವು. ಆ ಸ್ಥಿತಿಯಲ್ಲಿ ಮೂಲೆಯಲ್ಲಿ ಡ್ರೈವ್ ಇಂಪ್ಯಾಕ್ಟ್ ಬಿದ್ದರೆ ತಲೆ ತಿರುಗಿ ನಿಲ್ಲುತ್ತೀರಿ, ಅವನು ಬೇಕಾದ ಕಾಂಬೋ ಹಾಕಿಕೊಳ್ಳುತ್ತಾನೆ.

ಲೈಫ್ ನೋಡುವಷ್ಟೇ ಸಲ ಗೇಜ್ ಕೂಡ ನೋಡಿ. ಅವನದನ್ನೂ ನೋಡಿ. ಅವನು ಬರ್ನ್‌ಔಟ್ ಆದರೆ ನಿಮ್ಮ ಡ್ರೈವ್ ಇಂಪ್ಯಾಕ್ಟ್‌ಗೆ ಅವನ ಹತ್ತಿರ ಡ್ರೈವ್ ಇಂಪ್ಯಾಕ್ಟ್ ಉತ್ತರ ಇರುವುದಿಲ್ಲ.

ಹಳೇ_ಟೋಕನ್:

ರೀಪ್ಲೇ ನೋಡುತ್ತಿದ್ದೀರಾ? ಸೋತ ಪಂದ್ಯದ ರೀಪ್ಲೇ ತೆಗೆದು ಇನ್‌ಪುಟ್ ಮತ್ತು ಫ್ರೇಮ್ ಮೀಟರ್ ಎರಡೂ ಆನ್ ಮಾಡಿ. ಎಲ್ಲ ನೋಡಬೇಡಿ. ಲೈಫ್ ದೊಡ್ಡದಾಗಿ ಕುಸಿದ ಜಾಗಗಳಲ್ಲಿ ನಿಲ್ಲಿಸಿ, ಅದಕ್ಕೆ ಒಂದು ಸೆಕೆಂಡ್ ಮೊದಲು ನೀವು ಯಾವ ಬಟನ್ ಒತ್ತಿದಿರಿ ಅಂತ ನೋಡಿ. ಎಷ್ಟೋ ಸಲ ಒತ್ತುವ ಅಗತ್ಯವೇ ಇಲ್ಲದ ಬಟನ್ ಅದಾಗಿರುತ್ತದೆ.

ವೈಫೈ ಬಿಟ್ಟು ಕೇಬಲ್ ಹಾಕಿಕೊಳ್ಳಿ ಅನ್ನುವುದನ್ನೂ ಹೇಳಿಬಿಡುತ್ತೇನೆ. ರೋಲ್‌ಬ್ಯಾಕ್ ನೆಟ್‌ಕೋಡ್ (ಇಂಟರ್ನೆಟ್ ತಡವನ್ನು ಮರೆಮಾಚುವ ವ್ಯವಸ್ಥೆ) ದೂರವನ್ನು ಸಹಿಸಿಕೊಳ್ಳುತ್ತದೆ, ಏರಿಳಿಯುವ ವೈಫೈಯನ್ನು ಅಷ್ಟಾಗಿ ಸಹಿಸುವುದಿಲ್ಲ. ಪಂದ್ಯ ಒಪ್ಪಿಕೊಳ್ಳುವ ಮೊದಲೇ ಎದುರಿನವನ ಕನೆಕ್ಷನ್ ಯಾವುದು ಅಂತ ಗುರುತು ಕಾಣುತ್ತದೆ.

ಐರನ್_ರಿಯು:

ಎಲ್ಲರಿಗೂ ಥ್ಯಾಂಕ್ಸ್. ರೀಪ್ಲೇ ಇವತ್ತೇ ನೋಡುತ್ತೇನೆ. ರ‍್ಯಾಂಕ್ಡ್ ಆಡಿದರೆ ಪಾಯಿಂಟ್ ಹೋಗುತ್ತದೆ ಅಂತ ಕೈ ನಡುಗುತ್ತದೆ. ಯಾರಾದರೂ ಶನಿವಾರ ರಾತ್ರಿ ಕಸ್ಟಮ್ ರೂಮ್‌ನಲ್ಲಿ ಆಡುತ್ತೀರಾ?

ಮೂಲೆಮನೆ_ಜೂರಿ:

ನಾನು ಬರುತ್ತೇನೆ. ಐಡಿ ಇಲ್ಲಿ ಹಾಕಬೇಡಿ, ಖಾಸಗಿ ಸಂದೇಶದಲ್ಲಿ ಕಳಿಸಿ.

ಮಧ್ಯವಯಸ್ಕ_ಕೆನ್:

ಮಕ್ಕಳು ಮಲಗಿದ ಮೇಲೆ ನಾನೂ ಬರುತ್ತೇನೆ. ಹತ್ತೂವರೆ ಆಗಬಹುದು.

ಗೀಫ್_ಗೆಳೆಯ:

ನನ್ನನ್ನೂ ಸೇರಿಸಿಕೊಳ್ಳಿ. ಐರನ್_ರಿಯು, ಥ್ರೋ ಟೆಕ್ ಅಭ್ಯಾಸ ಮಾಡಿಕೊಂಡು ಬರುತ್ತೀರಿ ಅಂತ ಗೊತ್ತು. ಝಾಂಗೀಫ್‌ನ ಸ್ಕ್ರೂ ಪೈಲ್‌ಡ್ರೈವರ್ ಅನ್ನುವ ಸ್ಪೆಷಲ್ ಥ್ರೋಗೆ ಟೆಕ್ ಇಲ್ಲ. ಅದರಿಂದ ಹಾರಿ ತಪ್ಪಿಸಿಕೊಳ್ಳಬಹುದು. ಹಾರಿದರೆ ಏನಾಗುತ್ತದೆ ಅಂತ ಶನಿವಾರ ನೋಡೋಣ.